ಸಸ್ಯಮೇಣ: ಎಲೆಯ ಹೊಳಪಿನಿಂದ ಹಣ್ಣಿನ ಅಂಗಡಿಯವರೆಗೆ

ಮುಂಬಯಿಯ ಪಶ್ಚಿಮ ರೈಲ್ವೆಯ ಉಪನಗರ ಮಾರ್ಗದಲ್ಲಿ ಮಲಾಡ್ ಮತ್ತು ಬೋರಿವಲಿಗಳ ನಡುವೆ ಕಾಂದಿವಲಿ ನಿಲ್ದಾಣವಿದೆ. ಸಂಜೆಯ ಹೊತ್ತು ನಿಲ್ದಾಣದಿಂದ ಹೊರಬರುವ ಗೃಹಿಣಿಯೊಬ್ಬರು ಹಣ್ಣಿನ ಗಾಡಿಯ ಮುಂದೆ ನಿಂತು, ಕನ್ನಡಿಯಂತೆ ಹೊಳೆಯುವ ಸೇಬನ್ನು ಕೈಗೆತ್ತಿಕೊಂಡು ಉಗುರಿನಿಂದ ಕೆರೆದು ನೋಡುತ್ತಾರೆ. ಉಗುರಿಗೆ ಬಿಳಿಯ ಪುಡಿ ಅಂಟುತ್ತದೆ. “ಮೇಣ ಹಚ್ಚಿದ್ದಾರೆ” ಎಂದು ಹಣ್ಣನ್ನು ಅಲ್ಲಿಯೇ ಇಟ್ಟು ಮುಂದೆ ಸಾಗುತ್ತಾರೆ. ಅದೇ ಗೃಹಿಣಿ ಮಳೆಗಾಲದಲ್ಲಿ ಪತ್ರೊಡೆಗಾಗಿ ಕೆಸುವಿನ ಎಲೆಗಳನ್ನು ತಂದು ತೊಳೆಯುವಾಗ ನೀರು ಮಣಿಗಳಾಗಿ ಉರುಳಿಹೋಗುವುದನ್ನು ಕಾಣುತ್ತಾರೆ. ಆದರೆ ಅದಕ್ಕೂ ಕಾರಣ ಮೇಣವೇ ಎಂಬುದು ಅವರ ಗಮನಕ್ಕೆ ಬರುವುದಿಲ್ಲ.

ಸೇಬಿನ ಮೇಲಿರುವ ಮೇಣ ಯಾವುದು, ಅದು ಎಲ್ಲಿಂದ ಬಂದದ್ದು, ತಿಂದರೆ ಅಪಾಯವೇ ಎಂಬ ಪ್ರಶ್ನೆಗಳು ಬಳಕೆದಾರರಿಗೆ ಸಹಜವಾಗಿಯೇ ಮುಖ್ಯವಾದವು. ಅಷ್ಟೇ ಮುಖ್ಯವಾದ ಮತ್ತೊಂದು ಪ್ರಶ್ನೆಯೂ ಇದೆ. ಸಸ್ಯಮೇಣವನ್ನು ಕೊಡುವ ಭತ್ತ ಮತ್ತು ಕಬ್ಬು ನಮ್ಮ ಹೊಲಗಳಲ್ಲಿಯೇ ಹೇರಳವಾಗಿ ಬೆಳೆಯುತ್ತಿರುವಾಗ ಅವುಗಳ ಮೇಣದ ಬಹುಭಾಗವನ್ನು ನಾವು ಏಕೆ ಬಳಸಿಕೊಳ್ಳುತ್ತಿಲ್ಲ? ಈ ಎರಡು ಪ್ರಶ್ನೆಗಳ ಹಿನ್ನೆಲೆಯಲ್ಲಿ ಸಸ್ಯಮೇಣಗಳ ಸ್ವರೂಪ, ಉತ್ಪಾದನೆ ಮತ್ತು ಉಪಯೋಗಗಳನ್ನು ಇಲ್ಲಿ ಪರಿಚಯಿಸಲಾಗಿದೆ.

ಸಸ್ಯಗಳಿಗೆ ಮೇಣವೇಕೆ?

ನೆಲದ ಮೇಲೆ ಬೆಳೆಯುವ ಸಸ್ಯಗಳಿಗೆ ನೀರನ್ನು ಕಾಪಾಡಿಕೊಳ್ಳುವುದು ಜೀವನ್ಮರಣದ ಪ್ರಶ್ನೆ. ಬೇರುಗಳು ಹೀರಿದ ನೀರು ಎಲೆ, ಕಾಂಡ ಮತ್ತು ಹಣ್ಣುಗಳ ಮೇಲ್ಮೈಯಿಂದ ಆವಿಯಾಗಿ ಹೋಗದಂತೆ ತಡೆಯಲು ಪ್ರಕೃತಿಯು ಅವುಗಳ ಹೊರಮೈಗೆ ತೆಳುವಾದ ಮೇಣದ ಹೊದಿಕೆಯನ್ನು ಒದಗಿಸಿದೆ. ಸಸ್ಯವು ಉಸಿರಾಡುವುದು ಎಲೆಯಲ್ಲಿರುವ ಸೂಕ್ಷ್ಮ ರಂಧ್ರಗಳ ಮೂಲಕ. ಉಳಿದ ಮೇಲ್ಮೈಯೆಲ್ಲ ಬಹುಮಟ್ಟಿಗೆ ಮುಚ್ಚಿರುತ್ತದೆ. ಮಳೆಯ ನೀರು ಎಲೆಯ ಮೇಲೆ ನಿಲ್ಲದಂತೆ ಮಾಡುವುದು, ಧೂಳು ಮತ್ತು ಶಿಲೀಂಧ್ರದ ಬೀಜಕಗಳು ನೆಲೆಯೂರದಂತೆ ನೋಡಿಕೊಳ್ಳುವುದು, ಪ್ರಖರ ಬಿಸಿಲನ್ನು ಸ್ವಲ್ಪಮಟ್ಟಿಗೆ ಹಿಂದಿರುಗಿಸುವುದು ಇವೂ ಮೇಣದ ಕೆಲಸಗಳೇ ಆಗಿವೆ.

ತಾವರೆಯ ಎಲೆಯ ಮೇಲಿನ ನೀರಿನಂತೆ ಅಂಟಿಯೂ ಅಂಟದಂತಿರಬೇಕೆಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಈ ಮಾತಿನ ಹಿಂದಿರುವ ಭೌತಿಕ ಸತ್ಯವನ್ನು ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಥ್‌ಲಾಟ್ ಅವರು ಸೂಕ್ಷ್ಮದರ್ಶಕದ ನೆರವಿನಿಂದ ಪರಿಶೀಲಿಸಿ 1997ರಲ್ಲಿ ವಿವರವಾಗಿ ಪ್ರಕಟಿಸಿದರು. ತಾವರೆ ಎಲೆಯ ಮೈ ನಯವಾಗಿಲ್ಲ. ಅದು ಸೂಕ್ಷ್ಮವಾದ ಉಬ್ಬುಗಳಿಂದ ಕೂಡಿದ್ದು, ಆ ಉಬ್ಬುಗಳ ಮೇಲೆ ಇನ್ನೂ ಸೂಕ್ಷ್ಮವಾದ ಮೇಣದ ನಳಿಕೆಗಳಿವೆ. ನೀರಿನ ಹನಿ ಈ ತುದಿಗಳ ಮೇಲೆ ಮಾತ್ರ ತಂಗುವುದರಿಂದ ಉರುಳುತ್ತದೆ, ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ.

ನಮ್ಮ ಅಡುಗೆಮನೆಯಲ್ಲಿಯೇ ಇದಕ್ಕೊಂದು ಸರಳ ಪ್ರಯೋಗವುಂಟು. ಕಡುಬಿಗಾಗಿ ಬಾಳೆ ಎಲೆಯನ್ನು ಕೆಂಡದ ಮೇಲೆ ಹಿಡಿದು ಬಾಡಿಸುವಾಗ ಎಲೆಯ ಮಬ್ಬು ಹಿಂಭಾಗವು ಒಮ್ಮೆಲೇ ಹೊಳೆಯತೊಡಗುತ್ತದೆ. ಎಲೆಯ ಮೇಲೆ ಪುಡಿಯಂತಿದ್ದ ಮೇಣವು ಶಾಖಕ್ಕೆ ಕರಗಿ ಒಂದೇ ಪದರವಾಗಿ ಹರಡಿಕೊಂಡಿತೆಂದು ಇದರ ಅರ್ಥ.

ಮೇಣ, ಕೊಬ್ಬು ಮತ್ತು ಅರಗು

ಸಾಮಾನ್ಯ ಮಾತಿನಲ್ಲಿ ಮೆದುವಾಗಿ, ಜಿಡ್ಡಾಗಿ, ಶಾಖಕ್ಕೆ ಕರಗುವ ಎಲ್ಲವನ್ನೂ ಮೇಣವೆಂದು ಕರೆಯುವುದುಂಟು. ರಸಾಯನವಿಜ್ಞಾನದ ದೃಷ್ಟಿಯಲ್ಲಿ ಇವುಗಳ ನಡುವೆ ಸ್ಪಷ್ಟವಾದ ವ್ಯತ್ಯಾಸವಿದೆ. ಎಣ್ಣೆ ಮತ್ತು ಕೊಬ್ಬುಗಳು ಗ್ಲಿಸರಾಲ್ ಎಂಬ ವಸ್ತುವಿನೊಂದಿಗೆ ಮೂರು ಮೇದಾಮ್ಲಗಳು ಸೇರಿ ಆದಂಥವು. ಮೇಣದಲ್ಲಿ ಗ್ಲಿಸರಾಲ್ ಇರುವುದಿಲ್ಲ. ಉದ್ದವಾದ ಇಂಗಾಲದ ಸರಪಳಿಯುಳ್ಳ ಒಂದು ಆಲ್ಕೋಹಾಲ್ ಮತ್ತು ಅಂಥದೇ ಉದ್ದ ಸರಪಳಿಯ ಒಂದು ಮೇದಾಮ್ಲ ಸೇರಿದಾಗ ದೊರೆಯುವ ಎಸ್ಟರ್ ಎಂಬ ಸಂಯುಕ್ತವೇ ಮೇಣದ ಮುಖ್ಯ ಭಾಗ. ಕೊಬ್ಬನ್ನು ನಮ್ಮ ಜೀರ್ಣರಸಗಳು ಸುಲಭವಾಗಿ ಒಡೆಯುತ್ತವೆ. ಮೇಣವನ್ನು ಬಹುಮಟ್ಟಿಗೆ ಒಡೆಯಲಾರವು. ಹೊಟ್ಟೆಗೆ ಹೋದ ಅಲ್ಪಸ್ವಲ್ಪ ಸಸ್ಯಮೇಣವು ಬಹುಪಾಲು ಹಾಗೆಯೇ ಹೊರಬೀಳುತ್ತದೆ.

ಮೇಣದ ಬತ್ತಿಗೆ ಸಾಮಾನ್ಯವಾಗಿ ಬಳಸುವ ಪ್ಯಾರಾಫಿನ್ ಪೆಟ್ರೋಲಿಯಂನಿಂದ ದೊರೆಯುವ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಎಸ್ಟರ್ ಇಲ್ಲ. ಬಾಂದ್ರಾದ ಮೌಂಟ್ ಮೇರಿ ದೇವಾಲಯದ ಸೆಪ್ಟೆಂಬರ್ ಜಾತ್ರೆಯಲ್ಲಿ ಹರಕೆಗಾಗಿ ಅರ್ಪಿಸುವ ಕೈ, ಕಾಲು, ಮನೆ ಮುಂತಾದ ಮೇಣದ ಆಕೃತಿಗಳನ್ನು ಮುಂಬಯಿಯ ಓದುಗರು ನೋಡಿರಬಹುದು. ಇಂಥ ಅಗ್ಗದ ಆಕೃತಿಗಳಿಗೆ ಸಾಮಾನ್ಯವಾಗಿ ಒದಗುವುದು ಪ್ಯಾರಾಫಿನ್ನೇ.

ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗು ಕೂಡ ಸಸ್ಯಮೇಣವಲ್ಲ. ಮಹಾಭಾರತದ ಅರಗಿನ ಮನೆಯ ಕಥೆಯಿಂದ ಪರಿಚಿತವಾದ ಈ ವಸ್ತುವನ್ನು ಮರದ ರೆಂಬೆಗಳ ಮೇಲೆ ವಾಸಿಸುವ ಅರಗಿನ ಕೀಟಗಳು ಸ್ರವಿಸುತ್ತವೆ. ಅದು ಮುಖ್ಯವಾಗಿ ರಾಳ. ಅದರಲ್ಲಿ ಮೇಣದ ಅಂಶ ಶೇಕಡಾ 5ರ ಆಸುಪಾಸಿನಲ್ಲಿರುತ್ತದೆ. ಉತ್ತರ ಕನ್ನಡದ ಉಪ್ಪಾಗೆ ತುಪ್ಪ, ಮುರುಗಲು ತುಪ್ಪ ಹಾಗೂ ಪಶ್ಚಿಮ ಘಟ್ಟದ ಧೂಪದ ಮರದ ಬೀಜದಿಂದ ತೆಗೆಯುವ ಗಟ್ಟಿ ಜಿಡ್ಡು ನೋಡಲು ಮೇಣದಂತಿದ್ದರೂ ಅವು ಕೊಬ್ಬುಗಳು. ಧೂಪದ ಕೊಬ್ಬಿನಿಂದ ಹಿಂದೆ ಬತ್ತಿಗಳನ್ನು ತಯಾರಿಸುತ್ತಿದ್ದುದುಂಟು. ಈಚಿನ ವರ್ಷಗಳಲ್ಲಿ ‘ಸಸ್ಯಮೇಣದ ಬತ್ತಿ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವ ಸೋಯಾ ಬತ್ತಿಯೂ ಹೈಡ್ರೋಜನ್ ಸೇರಿಸಿ ಗಟ್ಟಿಗೊಳಿಸಿದ ಸೋಯಾ ಎಣ್ಣೆಯೇ ಹೊರತು ನಿಜವಾದ ಅರ್ಥದಲ್ಲಿ ಮೇಣವಲ್ಲ.

ಸಸ್ಯಮೇಣದ ಗುಣಗಳು

ಸಸ್ಯಮೇಣಗಳು ನೀರಿನಲ್ಲಿ ಕರಗುವುದಿಲ್ಲ. ಬಿಸಿಯಾದ ಸಾವಯವ ದ್ರಾವಕಗಳಲ್ಲಿ ಕರಗುತ್ತವೆ. ಗಾಳಿಗೆ ತೆರೆದಿಟ್ಟರೂ ಎಣ್ಣೆಗಳಂತೆ ಬೇಗ ಕಮಟುವುದಿಲ್ಲ. ಅವುಗಳ ಯೋಗ್ಯತೆಯನ್ನು ಅಳೆಯುವ ಮುಖ್ಯ ಮಾನದಂಡಗಳೆಂದರೆ ಕರಗುವ ಬಿಂದು ಮತ್ತು ಗಡಸುತನ. ಸಾಮಾನ್ಯ ಪ್ಯಾರಾಫಿನ್ 50ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ, ಜೇನುಮೇಣ 62ರಿಂದ 65 ಡಿಗ್ರಿಯಲ್ಲಿಯೂ, ಕ್ಯಾಂಡೆಲಿಲ್ಲಾ ಮೇಣ ಸುಮಾರು 70 ಡಿಗ್ರಿಯಲ್ಲಿಯೂ ಕರಗುತ್ತವೆ. ತೌಡಿನ ಮೇಣಕ್ಕೆ ಸುಮಾರು 77ರಿಂದ 82 ಡಿಗ್ರಿ ಶಾಖ ಬೇಕು. ಕಾರ್ನೋಬಾ ಮೇಣ ಕರಗಲು 82ರಿಂದ 86 ಡಿಗ್ರಿ ಅಗತ್ಯ. ಬೇಸಗೆಯ ಬಿಸಿಲಿನಲ್ಲಿ ನಿಂತ ವಾಹನದ ಮೈಮೇಲಿನ ಹೊಳಪು ಕರಗಿ ಹರಿಯದಿರಬೇಕಾದರೆ, ಜೇಬಿನಲ್ಲಿಟ್ಟ ಮಿಠಾಯಿ ಅಂಟದಿರಬೇಕಾದರೆ ಇಂಥ ಗಡಸು ಮೇಣವೇ ಬೇಕಾಗುತ್ತದೆ. ಮೆದುವಾದ ಮೇಣಕ್ಕೆ ಸ್ವಲ್ಪ ಗಡಸು ಮೇಣವನ್ನು ಬೆರೆಸಿದರೆ ಮಿಶ್ರಣದ ಕರಗುವ ಬಿಂದು ಗಣನೀಯವಾಗಿ ಏರುತ್ತದೆ.

ಬ್ರೆಜಿಲಿನ ಕಾರ್ನೋಬಾ

ಸಸ್ಯಮೇಣಗಳಲ್ಲಿ ಅಗ್ರಸ್ಥಾನ ಕಾರ್ನೋಬಾಕ್ಕೆ ಸಲ್ಲುತ್ತದೆ. ಕೋಪರ್ನಿಸಿಯಾ ಪ್ರೂನಿಫೆರಾ ಎಂಬ ವೈಜ್ಞಾನಿಕ ಹೆಸರಿನ ಈ ತಾಳೆಯ ಜಾತಿಯ ಮರವು ಬ್ರೆಜಿಲಿನ ಈಶಾನ್ಯ ಭಾಗದ ಸಿಯಾರಾ, ಪಿಯಾವಿ, ರಿಯೊ ಗ್ರಾಂಡಿ ಡೊ ನಾರ್ಟಿ ರಾಜ್ಯಗಳಲ್ಲಿ ಬೆಳೆಯುತ್ತದೆ. ಅಲ್ಲಿನ ದೀರ್ಘವಾದ ಒಣಹವೆಯನ್ನು ಎದುರಿಸಲು ಮರವು ತನ್ನ ಬೀಸಣಿಗೆಯಂಥ ಎಲೆಗಳ ಮೇಲೆ ದಪ್ಪನಾದ ಮೇಣವನ್ನು ಸ್ರವಿಸುತ್ತದೆ.

ಒಣ ತಿಂಗಳುಗಳಲ್ಲಿ ಕಾರ್ಮಿಕರು ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಕುಡುಗೋಲಿನಿಂದ ಎಲೆಗಳನ್ನು ಕತ್ತರಿಸುತ್ತಾರೆ. ನಡುವಿನ ಸುಳಿಯನ್ನು ಉಳಿಸಿದರೆ ಮರಕ್ಕೆ ಹಾನಿಯಿಲ್ಲ. ಅದು ಮತ್ತೆ ಚಿಗುರುತ್ತದೆ. ಎಲೆಗಳನ್ನು ಬಿಸಿಲಿನಲ್ಲಿ ಒಣಗಿಸಿ ಬಡಿದಾಗ ಮೇಣವು ಪುಡಿಯಾಗಿ ಉದುರುತ್ತದೆ. ಒಂದು ಎಲೆಯಿಂದ ದೊರೆಯುವುದು ಕೆಲವೇ ಗ್ರಾಂ ಪುಡಿ. ಅದನ್ನು ಕರಗಿಸಿ, ಸೋಸಿ, ಆರಿಸಿ, ಒಡೆದು ಚೂರುಗಳನ್ನಾಗಿ ಮಾಡಲಾಗುತ್ತದೆ. ಇನ್ನೂ ಪೂರ್ತಿ ಬಿಚ್ಚದ ಎಳೆಯ ಎಲೆಗಳಿಂದ ತಿಳಿಹಳದಿ ಬಣ್ಣದ ಉತ್ತಮ ದರ್ಜೆಯ ಮೇಣವೂ, ಬಲಿತ ಎಲೆಗಳಿಂದ ಕಂದು ಬಣ್ಣದ ಕೆಳದರ್ಜೆಯ ಮೇಣವೂ ಸಿಗುತ್ತವೆ.

ಈ ಹೊಳಪಿನ ಹಿಂದೆ ದುಡಿಮೆಯ ನೋವೂ ಇದೆ. ಕಾರ್ನೋಬಾ ಕೊಯ್ಲಿನಲ್ಲಿ ತೊಡಗಿದ ಕಾರ್ಮಿಕರನ್ನು ಜೀತಕ್ಕೆ ಸಮಾನವಾದ ಸ್ಥಿತಿಯಲ್ಲಿ ದುಡಿಸಿಕೊಂಡ ಪ್ರಕರಣಗಳನ್ನು ಬ್ರೆಜಿಲ್ ಸರ್ಕಾರದ ಕಾರ್ಮಿಕ ತನಿಖಾಧಿಕಾರಿಗಳು ಪತ್ತೆಹಚ್ಚಿದ್ದಾರೆ. ಒಂದೇ ಭೂಪ್ರದೇಶವನ್ನು ಜಗತ್ತೆಲ್ಲ ಅವಲಂಬಿಸಿರುವುದರಿಂದ ಆ ವರ್ಷದ ಮಳೆ ಮತ್ತು ಕೊಯ್ಲನ್ನು ಅನುಸರಿಸಿ ಬೆಲೆಯೂ ಏರಿಳಿಯುತ್ತದೆ. ಕಾರ್ನೋಬಾವನ್ನು ಭಾರತವು ಆಮದಿನಿಂದಲೇ ಪಡೆಯುತ್ತದೆ.

ಮೆಕ್ಸಿಕೊ ದೇಶದ ಉತ್ತರದ ಮರುಭೂಮಿಯಲ್ಲಿ ಬೆಳೆಯುವ ಎಲೆಯಿಲ್ಲದ ಕಳ್ಳಿಯ ಜಾತಿಯ ಗಿಡದಿಂದ ಕ್ಯಾಂಡೆಲಿಲ್ಲಾ ಮೇಣವನ್ನು ತೆಗೆಯುತ್ತಾರೆ. ಕಾಂಡಗಳನ್ನು ಸ್ವಲ್ಪ ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಮೇಣವನ್ನು ಬಳಿದು ತೆಗೆಯುವುದು ಅಲ್ಲಿನ ಪದ್ಧತಿ. ಹೊಹೊಬಾ ಎಂಬ ಮತ್ತೊಂದು ಮರುಭೂಮಿ ಸಸ್ಯದ ಬೀಜದಲ್ಲಿ ಸುಮಾರು ಅರ್ಧದಷ್ಟು ತೂಕ ದ್ರವರೂಪದ ಮೇಣವೇ ಇರುತ್ತದೆ. 1970ರ ದಶಕದಲ್ಲಿ ತಿಮಿಂಗಿಲದ ಎಣ್ಣೆಯ ಮೇಲೆ ನಿರ್ಬಂಧಗಳು ಬಂದಾಗ ಅದಕ್ಕೆ ಪರ್ಯಾಯವಾಗಿ ಹೊಹೊಬಾಕ್ಕೆ ಮಹತ್ವ ಬಂದಿತು. ಭಾರತದಲ್ಲಿ ರಾಜಸ್ಥಾನದ ಒಣನೆಲದಲ್ಲಿ ಅದರ ಕೃಷಿ ನಡೆದಿದೆ.

ನಮ್ಮ ಭತ್ತದ ಮೇಣ

ಗಂಗಾವತಿ, ಸಿಂಧನೂರು, ದಾವಣಗೆರೆ ಮುಂತಾದ ಕಡೆಗಳ ಅಕ್ಕಿ ಗಿರಣಿಗಳಲ್ಲಿ ಅಕ್ಕಿಯ ಮೇಲ್ಪದರವನ್ನು ಉಜ್ಜಿ ತೆಗೆದಾಗ ತೌಡು ದೊರೆಯುತ್ತದೆ. ತೌಡಿನಲ್ಲಿ ಶೇಕಡಾ 15ರಿಂದ 20ರಷ್ಟು ಎಣ್ಣೆ ಇರುತ್ತದೆ. ಹಾಗೆ ತೆಗೆದ ಕಚ್ಚಾ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇಕಡಾ 2ರಿಂದ 4ರಷ್ಟು ಮೇಣ ಬೆರೆತಿರುತ್ತದೆ. ಮೇಣ ಉಳಿದರೆ ಎಣ್ಣೆಯು ಚಳಿಗಾಲದಲ್ಲಿ ಮಬ್ಬಾಗುತ್ತದೆ. ಆದುದರಿಂದ ಶುದ್ಧೀಕರಣದ ಹಂತದಲ್ಲಿ ಎಣ್ಣೆಯನ್ನು ನಿಧಾನವಾಗಿ ತಣಿಸಿ, ಹರಳುಗಟ್ಟಿದ ಮೇಣವನ್ನು ಸೋಸಿ ಬೇರ್ಪಡಿಸಲಾಗುತ್ತದೆ. ಹೀಗೆ ಬೇರ್ಪಟ್ಟ ಜಿಡ್ಡು ಗಸಿಯಲ್ಲಿ ಎಣ್ಣೆಯೂ ಸೇರಿರುತ್ತದೆ. ಆ ಎಣ್ಣೆಯನ್ನು ದ್ರಾವಕದಿಂದ ತೊಳೆದು, ಬಣ್ಣವನ್ನು ತಿಳಿಗೊಳಿಸಿದರೆ ಕಾರ್ನೋಬಾಕ್ಕೆ ಬಹುಮಟ್ಟಿಗೆ ಸಮೀಪಿಸುವ ಗಡಸು ಮೇಣ ದೊರೆಯುತ್ತದೆ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಟನ್ ಭತ್ತದಿಂದ ಸುಮಾರು 80 ಕಿಲೋಗ್ರಾಂ ತೌಡು ಬರುತ್ತದೆಂದು ಇಟ್ಟುಕೊಳ್ಳೋಣ. ಅದರಿಂದ ಸುಮಾರು 13 ಕಿಲೋಗ್ರಾಂ ಎಣ್ಣೆ, ಆ ಎಣ್ಣೆಯಿಂದ ಕಾಲು ಕಿಲೋಗ್ರಾಂನಿಂದ ಅರ್ಧ ಕಿಲೋಗ್ರಾಂವರೆಗೆ ಮೇಣ ಸಿಗಬಹುದು. ಒಬ್ಬ ರೈತನ ಕಣದಲ್ಲಿ ಇದು ಅತ್ಯಲ್ಪ. ಆದರೆ 2022-23ರ ವೇಳೆಗೆ ದೇಶದ ವಾರ್ಷಿಕ ಅಕ್ಕಿಯ ಉತ್ಪಾದನೆ 13 ಕೋಟಿ ಟನ್‌ಗಳನ್ನು ದಾಟಿತ್ತು. ಇದು ಸುಮಾರು 20 ಕೋಟಿ ಟನ್ ಭತ್ತಕ್ಕೆ ಸಮ. ಟನ್ನಿಗೆ ಕಾಲು ಕಿಲೋಗ್ರಾಂನಂತೆ ಹಿಡಿದರೂ 50 ಸಾವಿರ ಟನ್ ಮೇಣವಾಗುತ್ತದೆ.

ಇದು ಕಾಗದದ ಮೇಲಿನ ಲೆಕ್ಕವೆಂಬುದನ್ನು ಮರೆಯಬಾರದು. ದೇಶದ ಎಲ್ಲ ತೌಡೂ ಎಣ್ಣೆಯ ಕಾರ್ಖಾನೆಗೆ ಹೋಗುವುದಿಲ್ಲ. ಹಳೆಯ ಮಾದರಿಯ ಸಣ್ಣ ಗಿರಣಿಗಳಲ್ಲಿ ತೌಡು ಹೊಟ್ಟಿನೊಂದಿಗೆ ಬೆರೆತು ದನಗಳ ಮೇವಾಗುತ್ತದೆ. ಮೇಲಾಗಿ ಭತ್ತವನ್ನು ಗಿರಣಿ ಮಾಡಿದ ಕೂಡಲೇ ತೌಡಿನಲ್ಲಿರುವ ಲೈಪೇಸ್ ಎಂಬ ಕಿಣ್ವವು ಎಣ್ಣೆಯನ್ನು ಒಡೆಯತೊಡಗುತ್ತದೆ. ಶಾಖ ಕೊಟ್ಟು ಈ ಕಿಣ್ವವನ್ನು ತಡೆಯಬೇಕು, ಇಲ್ಲವೇ ತಡಮಾಡದೆ ಎಣ್ಣೆಯನ್ನು ತೆಗೆಯಬೇಕು. ಕುಸುಬಲಕ್ಕಿಗೆ ಭತ್ತವನ್ನು ಮೊದಲೇ ಬೇಯಿಸುವುದರಿಂದ ಅದರ ತೌಡು ಬೇಗ ಕೆಡುವುದಿಲ್ಲ, ಎಣ್ಣೆಯ ಪ್ರಮಾಣವೂ ಹೆಚ್ಚು. ಕರಾವಳಿಯ ಜನರ ಮೆಚ್ಚಿನ ಅಕ್ಕಿಗೆ ಇದೊಂದು ಹೆಚ್ಚಿನ ಅನುಕೂಲ.

ಕಬ್ಬಿನ ಮೇಣ

ಕಬ್ಬಿನ ಜಲ್ಲೆಯ ಗೆಣ್ಣುಗಳ ಬಳಿ ಕಾಣುವ ಬೂದಿಬಣ್ಣದ ಪುಡಿಯೇ ಕಬ್ಬಿನ ಮೇಣ. ಕಬ್ಬನ್ನು ಅರೆಯುವಾಗ ಅದರ ಒಂದು ಭಾಗ ಸಿಪ್ಪೆಯಲ್ಲಿ ಉಳಿದು, ಮತ್ತೊಂದು ಭಾಗ ಹಾಲಿನೊಂದಿಗೆ ಸೇರುತ್ತದೆ. ಹಾಲನ್ನು ಸುಣ್ಣದಿಂದ ತಿಳಿಗೊಳಿಸಿ ಸೋಸಿದಾಗ ಈ ಮೇಣವು ಮಡ್ಡಿಯ ಜೊತೆ ಹೊರಬರುತ್ತದೆ. ಅರೆದ ಕಬ್ಬಿನ ತೂಕದ ಶೇಕಡಾ 3ರಿಂದ 4ರಷ್ಟು ಹಸಿ ಮಡ್ಡಿ ಬರುವುದು ಸಾಮಾನ್ಯ. ಒಣಗಿದ ಮಡ್ಡಿಯಲ್ಲಿ ಶೇಕಡಾ 5ರಿಂದ 14ರವರೆಗೆ ಕಚ್ಚಾ ಮೇಣವಿರಬಹುದು.

ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ಕರ್ನಾಟಕದ ರೈತನಿಗೆ ಸಕ್ಕರೆ ಕಾರ್ಖಾನೆಯ ಮಡ್ಡಿ ಪರಿಚಿತವಾದ ಗೊಬ್ಬರ. ಮೇಣವನ್ನು ತೆಗೆದ ನಂತರವೂ ಮಡ್ಡಿಯಲ್ಲಿ ಸಾವಯವಾಂಶ, ರಂಜಕ ಮುಂತಾದ ಪೋಷಕಾಂಶಗಳು ಉಳಿಯುವುದರಿಂದ ರೈತನಿಗೆ ನಷ್ಟವಾಗುವುದಿಲ್ಲ. ಆದರೆ ಮಡ್ಡಿಯನ್ನು ಒಣಗಿಸುವ ಖರ್ಚು, ಬೆಂಕಿ ಹಿಡಿಯಬಲ್ಲ ದ್ರಾವಕಗಳ ನಿರ್ವಹಣೆ ಹಾಗೂ ಕಚ್ಚಾ ಮೇಣದ ಕಪ್ಪು ಬಣ್ಣವನ್ನು ತಿಳಿಗೊಳಿಸುವ ಶ್ರಮ ಇವು ಅಡ್ಡಿಗಳಾಗಿವೆ. ಒಂದೊಂದು ಕಾರ್ಖಾನೆಯೂ ಪ್ರತ್ಯೇಕ ಘಟಕ ಸ್ಥಾಪಿಸುವುದಕ್ಕಿಂತ ಹಲವು ಕಾರ್ಖಾನೆಗಳ ಒಣ ಮಡ್ಡಿಯನ್ನು ಒಂದೆಡೆ ಸೇರಿಸಿ ಸಂಸ್ಕರಿಸುವುದು ಹೆಚ್ಚು ಸಮಂಜಸವೆನಿಸುತ್ತದೆ.

ಮೇಣವೇ ಅಡ್ಡಿಯಾದಾಗ

ಮೇಣದ ಶಕ್ತಿಯನ್ನು ತಿಳಿಯಲು ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರನ್ನು ಕೇಳಬೇಕು. ದ್ರಾಕ್ಷಿಯ ಮೈಮೇಲಿನ ಬೂದಿಯಂಥ ಮೇಣವು ಹಣ್ಣಿನ ನೀರನ್ನು ಹಿಡಿದಿಡುವುದರಿಂದ ಒಣದ್ರಾಕ್ಷಿ ತಯಾರಿಸಲು ವಾರಗಟ್ಟಲೆ ಕಾಯಬೇಕಾಗುತ್ತದೆ. ಇದಕ್ಕೆ ಪರಿಹಾರವಾಗಿ ಪ್ರತಿ ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಹಾಗೂ 15 ಮಿಲಿಲೀಟರ್ ಈಥೈಲ್ ಓಲಿಯೇಟ್ ಬೆರೆಸಿದ ದ್ರಾವಣದಲ್ಲಿ ಗೊಂಚಲುಗಳನ್ನು ಅದ್ದಿ, ನೆರಳಿನ ಚಪ್ಪರದಲ್ಲಿ ಹರಡುತ್ತಾರೆ. ದ್ರಾವಣವು ಮೇಣದ ಪದರದ ಜೋಡಣೆಯನ್ನು ಸಡಿಲಿಸುವುದರಿಂದ ನೀರು ಹೊರಬರಲು ದಾರಿಯಾಗಿ ಸುಮಾರು ಎರಡು ವಾರಗಳಲ್ಲಿ ಹಣ್ಣು ಒಣಗುತ್ತದೆ. ಒಣಗುವ ಅವಧಿಯಲ್ಲಿ ಅಕಾಲಿಕ ಮಳೆ ಬಂದರೆ ಇಡೀ ವರ್ಷದ ದುಡಿಮೆಯೇ ಹಾಳಾಗಬಹುದಾದ್ದರಿಂದ ಉಳಿದ ಒಂದೊಂದು ದಿನವೂ ರೈತನಿಗೆ ಅಮೂಲ್ಯ.

ಉಪಯೋಗಗಳು

ಸಸ್ಯಮೇಣದ ಉಪಯೋಗಗಳು ನಿತ್ಯಜೀವನದಲ್ಲಿ ಹಲವೆಡೆ ಹರಡಿಕೊಂಡಿವೆ. ಔಷಧದ ಗುಳಿಗೆಗಳ ಹೊಳಪು, ಮಿಠಾಯಿ ಮತ್ತು ಚೂಯಿಂಗ್ ಗಮ್‌ಗಳ ಹೊರಲೇಪ, ತುಟಿಬಣ್ಣದ ಕಡ್ಡಿಗೆ ಬೇಕಾದ ಗಡಸುತನ, ಪಾದರಕ್ಷೆ, ನೆಲ ಮತ್ತು ಮೋಟಾರು ವಾಹನಗಳ ಪಾಲಿಶ್, ಚರ್ಮ ಮತ್ತು ಕಾಗದಕ್ಕೆ ನೀರು ತಾಗದಂತೆ ಮಾಡುವ ಲೇಪ, ಲೋಹದ ಎರಕಕ್ಕೆ ಬೇಕಾದ ಮೇಣದ ಅಚ್ಚು ಮುಂತಾದವನ್ನು ಹೆಸರಿಸಬಹುದು. ಮಿಠಾಯಿ, ಗುಳಿಗೆಗಳಿಗೆ ಕೊಡುವ ಹೊಳಪಿಗಾಗಿ ತಿನ್ನಲು ಯೋಗ್ಯವಾದ ಶುದ್ಧ ದರ್ಜೆಯ ಮೇಣವನ್ನೇ ಬಳಸಬೇಕಾಗುತ್ತದೆ. ಆಹಾರದಲ್ಲಿ ಬಳಸುವ ಕಾರ್ನೋಬಾದ ಅಂತರರಾಷ್ಟ್ರೀಯ ಸಂಖ್ಯೆ 903. ಪೊಟ್ಟಣಗಳ ಮೇಲೆ ಈ ಸಂಖ್ಯೆಯನ್ನು ಓದುಗರು ಗಮನಿಸಬಹುದು.

ಸೇಬಿನ ಹೊಳಪು: ಭಯವೆಷ್ಟು, ಎಚ್ಚರವೆಷ್ಟು?

ಈಗ ಕಾಂದಿವಲಿಯ ಹಣ್ಣಿನ ಗಾಡಿಗೆ ಹಿಂದಿರುಗೋಣ. ಸೇಬಿನ ಮೇಲೆ ಹುಟ್ಟಿನಿಂದಲೇ ಮೇಣವಿರುತ್ತದೆ. ಕೊಯ್ಲಿನ ನಂತರ ಹಣ್ಣನ್ನು ತೊಳೆದು ಉಜ್ಜುವಾಗ ಅದರ ಒಂದಂಶ ಹೋಗುತ್ತದೆ. ಹಣ್ಣಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ನೀರೇ ಆಗಿರುವುದರಿಂದ ದೂರದ ಸಾಗಣೆಯಲ್ಲಿ ಅದು ಸುಕ್ಕುಗಟ್ಟುತ್ತದೆ. ಇದನ್ನು ತಡೆಯಲು ಕಳೆದುಹೋದ ಮೇಣದ ಬದಲಿಗೆ ತೆಳುವಾದ ಲೇಪವನ್ನು ಕೊಡುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವೂ ಹಣ್ಣು ತರಕಾರಿಗಳಿಗಾಗಿ ಇಂಥ ಮೇಣದ ಲೇಪಗಳನ್ನು ರೂಪಿಸಿದೆ. ಲೇಪವು ಮಿತಿಮೀರಿ ದಪ್ಪವಾದರೆ ಹಣ್ಣು ಉಸಿರಾಡಲಾರದೆ ಒಳಗೇ ಹುಳಿತು ರುಚಿಗೆಡುತ್ತದೆ.

ಭಾರತದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ತಾಜಾ ಹಣ್ಣುಗಳಿಗೆ ಖನಿಜ ತೈಲವನ್ನಾಗಲಿ, ಬಣ್ಣವನ್ನಾಗಲಿ ಲೇಪಿಸುವಂತಿಲ್ಲ. 2011ರ ನಿಯಮಾವಳಿಯು ಹಣ್ಣುಗಳಿಗೆ ಜೇನುಮೇಣ, ಕಾರ್ನೋಬಾ ಮೇಣ ಮತ್ತು ಅರಗಿನ ಮೇಣ ಈ ಮೂರನ್ನು ಮಾತ್ರ, ಅದೂ ಉತ್ತಮ ತಯಾರಿಕಾ ಪದ್ಧತಿಗೆ ಬೇಕಾದಷ್ಟೇ ಪ್ರಮಾಣದಲ್ಲಿ ಬಳಸಲು ಅನುಮತಿಸಿದೆ. ಮೇಣ ಲೇಪಿಸಲಾಗಿದೆ ಎಂಬುದನ್ನೂ, ಆ ಮೇಣದ ಹೆಸರನ್ನೂ ಚೀಟಿಯಲ್ಲಿ ನಮೂದಿಸುವುದು ಕಡ್ಡಾಯ.

ಆದುದರಿಂದ ಉಗುರಿಗೆ ಅಂಟಿದ ಬಿಳಿಯ ಪುಡಿ ಮೇಣವಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಯಾವ ಮೇಣವೆಂಬುದನ್ನು ಹೇಳುವುದಿಲ್ಲ. ಅದು ಹಣ್ಣಿನದೇ ಮೇಣವಾಗಿರಬಹುದು, ಅನುಮತಿಸಿದ ಲೇಪವಾಗಿರಬಹುದು, ನಿಷಿದ್ಧವಾದ ಪ್ಯಾರಾಫಿನ್ ಕೂಡ ಆಗಿರಬಹುದು. ಇದನ್ನು ಖಚಿತವಾಗಿ ನಿರ್ಧರಿಸಬಲ್ಲದ್ದು ಪ್ರಯೋಗಾಲಯ ಮಾತ್ರ. ಬಳಕೆದಾರರು ಅನುಸರಿಸಬಹುದಾದ ಕೆಲವು ಸರಳ ಕ್ರಮಗಳು ಇಂತಿವೆ:

1. ಪೆಟ್ಟಿಗೆಯ ಅಥವಾ ಪೊಟ್ಟಣದ ಮೇಲಿನ ಮೇಣದ ನಮೂದನ್ನು ತೋರಿಸುವಂತೆ ಅಂಗಡಿಯವರನ್ನು ಕೇಳಿರಿ.

2. ಹೊಳಪನ್ನೇ ತಾಜಾತನದ ಗುರುತೆಂದು ಭಾವಿಸಬೇಡಿರಿ. ತೊಟ್ಟು, ಗಡಸುತನ ಮತ್ತು ವಾಸನೆಗಳನ್ನು ಗಮನಿಸಿರಿ.

3. ಹಣ್ಣನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಶುಭ್ರವಾದ ಬಟ್ಟೆಯಿಂದ ಒರೆಸಿರಿ. ಮೇಣವು ನೀರಿನಲ್ಲಿ ಕರಗದಿದ್ದರೂ ಮೇಲಿನ ಧೂಳು ಮತ್ತು ಕೊಳೆ ಹೋಗುತ್ತವೆ. ತೊಳೆಯಲು ಸಾಬೂನನ್ನು ಬಳಸಬಾರದು.

4. ಅಂಟಂಟಾದ ದಪ್ಪ ಲೇಪ ಅಥವಾ ಸೀಮೆಎಣ್ಣೆಯಂಥ ವಾಸನೆ ಕಂಡುಬಂದರೆ ಅಂಥ ಹಣ್ಣನ್ನು ಕೊಳ್ಳದೆ ಆಹಾರ ಸುರಕ್ಷತಾ ಅಧಿಕಾರಿಗಳ ಗಮನಕ್ಕೆ ತನ್ನಿರಿ.

ಉಪಸಂಹಾರ

ಮೇಣವು ಸಸ್ಯಕ್ಕೆ ಕವಚ, ಉದ್ಯಮಕ್ಕೆ ಕಚ್ಚಾವಸ್ತು, ಬಳಕೆದಾರರಿಗೆ ಕೆಲವೊಮ್ಮೆ ಸಂಶಯದ ವಿಷಯ. ಬ್ರೆಜಿಲಿನ ಒಣನೆಲದ ಕಾರ್ಮಿಕರು ಎಲೆ ಬಡಿದು ಸಂಗ್ರಹಿಸಿದ ಪುಡಿಯು ಸಮುದ್ರಗಳನ್ನು ದಾಟಿ ನಮ್ಮ ಕೈಗೆ ಬರುತ್ತದೆ. ನಮ್ಮದೇ ಗದ್ದೆಯ ಭತ್ತದ ಮೇಣವಾದರೋ ಗಸಿಯಾಗಿ, ಮೇವಾಗಿ, ಕಬ್ಬಿನ ಮೇಣವು ಮಡ್ಡಿಯಾಗಿ ಹೋಗುತ್ತದೆ. ಆಧುನಿಕ ಅಕ್ಕಿ ಗಿರಣಿಗಳು ತೌಡನ್ನು ಶುಚಿಯಾಗಿ ಬೇರ್ಪಡಿಸಿ ಸಕಾಲದಲ್ಲಿ ಎಣ್ಣೆಯ ಘಟಕಕ್ಕೆ ತಲುಪಿಸಿದರೆ ಅಡುಗೆಯ ಎಣ್ಣೆಯೊಂದಿಗೆ ಮೇಣವೂ ದೊರೆತು ಆಮದಿನ ಹೊರೆ ಸ್ವಲ್ಪವಾದರೂ ಇಳಿದೀತು. ಬಳಕೆದಾರರು ಹಣ್ಣಿನ ಗಾಡಿಯ ಮುಂದೆ ನಿಂತು “ಇದು ಯಾವ ಮೇಣ?” ಎಂದು ಕೇಳುವುದನ್ನು ರೂಢಿಸಿಕೊಂಡರೆ ನಿಯಮದ ಚೀಟಿಯೂ ತನ್ನ ಸ್ಥಾನದಲ್ಲಿ ಬಂದು ಕೂರುತ್ತದೆ.